ಜೊತೆ ಇಲ್ಲದ ಆರ್ಟರಿ

ಕರುಳಿನ ಕ್ಯಾನ್ಸರ್ ಸ್ಲೈಡ್ ನೋಡಿ ರಿಪೋರ್ಟ್ ಬರೆಯೋದು ನನ್ನ ಕೆಲಸ. ಅದರಲ್ಲೊಂದು ಸಾಲು ಇರುತ್ತದೆ: ರಕ್ತನಾಳದೊಳಗೆ ಗಡ್ಡೆ ಹೊಕ್ಕಿದೆಯೋ, ಇಲ್ಲವೋ. ವರ್ಷಗಟ್ಟಲೆ ನಾನಲ್ಲಿ ಹೆಚ್ಚಾಗಿ 'ಕಂಡಿಲ್ಲ' ಅಂತಲೇ ಬರೆದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಪೆಥಾಲಜಿಸ್ಟ್ಸ್ ಪ್ರಕಾರ ಆಪರೇಷನ್ ಆದ ಕೇಸುಗಳಲ್ಲಿ ಕನಿಷ್ಠ 30 ಪರ್ಸೆಂಟಿನಲ್ಲಾದರೂ ವೇನ್ (ಅಭಿಧಮನಿ) ಒಳಗೆ ಗಡ್ಡೆ ಸಿಗಬೇಕು. ಒಂದು ದಿನ ಕೂತು ನನ್ನ ಹಳೆಯ ರಿಪೋರ್ಟುಗಳನ್ನು ಎಣಿಸಿದೆ. ಅದರ ಹತ್ತಿರಕ್ಕೂ ಬರಲಿಲ್ಲ. ನಾನು ಸರಿಯಾಗಿ ಹುಡುಕಿರಲಿಲ್ಲ, ಅಷ್ಟೇ.

ತೊಂದರೆ ಏನೆಂದರೆ, ಗಡ್ಡೆ ಹೊಕ್ಕ ವೇನ್ ಆಮೇಲೆ ವೇನ್ ಥರ ಕಾಣೋದೇ ಇಲ್ಲ. ಒಳಗೆಲ್ಲ ಗಡ್ಡೆ ತುಂಬಿ, ಗೋಡೆ ಸವೆದುಹೋಗಿರುತ್ತದೆ. ಮಾಮೂಲಿ ಗುಲಾಬಿ-ನೇರಳೆ ಬಣ್ಣದಲ್ಲಿ ಅದು ಬರೀ ಒಂದು ಉಂಡೆ. ಹಾಗಾಗಿ ಈಗ ನಾನು ಮೊದಲು ಹುಡುಕೋದು ಆರ್ಟರಿಯನ್ನು (ಅಪಧಮನಿ). ಅದರ ಗೋಡೆ ದಪ್ಪ, ಸುಲಭಕ್ಕೆ ಹಾಳಾಗಲ್ಲ. ಪಕ್ಕದಲ್ಲಿ ಜೊತೆಗೊಂದು ವೇನ್ ಇರಬೇಕು, ಅಲ್ವಾ? ಆ ಜಾಗದಲ್ಲಿ ಗಡ್ಡೆ ಕೂತಿದ್ದರೆ ಎಲಾಸ್ಟಿಕ್ ಸ್ಟೇನ್ ಹಾಕಿಸುತ್ತೇನೆ, ಅಂದರೆ ನಾಳದ ಗೋಡೆಯ ಎಲಾಸ್ಟಿಕ್ ಎಳೆಗಳನ್ನು ಕಪ್ಪಾಗಿ ತೋರಿಸುವ ಬಣ್ಣ. ಕರುಳಿನ ಸುತ್ತಲಿನ ಕೊಬ್ಬಿಗೆ ಗಡ್ಡೆ ಇಳಿದ ಅಂಚಿನಿಂದ ತುಣುಕುಗಳನ್ನೂ ಮೊದಲಿಗಿಂತ ಜಾಸ್ತಿ ತೆಗೆಯುತ್ತೇನೆ.

ಒಂದು ಕೇಸು ಹೇಳುತ್ತೇನೆ. ಗಡ್ಡೆ ಟಿ3, ಅಂದರೆ ಕರುಳಿನ ಸ್ನಾಯು ಪದರ ದಾಟಿದ್ದು. ಲಿಂಫ್ ನೋಡ್‌ಗಳೆಲ್ಲ (ದುಗ್ಧಗ್ರಂಥಿಗಳು) ಕ್ಲೀನ್, ಅಲ್ಲಿ ಕ್ಯಾನ್ಸರ್ ಇಲ್ಲ. ಆದರೆ ಕೊಬ್ಬಿನಲ್ಲಿ, ಗಡ್ಡೆಯಿಂದ ದೂರ, ನುಣುಪು ಅಂಚಿನ ಒಂದು ಉಂಡೆ. ಪಕ್ಕದಲ್ಲಿ ಒಂಟಿ ಆರ್ಟರಿ. ಮರುದಿನ ಎಲಾಸ್ಟಿಕ್ ಸ್ಲೈಡ್ ಬಂತು. ಉಂಡೆಯ ಸುತ್ತ ಕಪ್ಪು ದಾರದಂಥ ಗೆರೆ, ಒಂದು ಕಡೆ ಮಾತ್ರ ಕಿತ್ತುಹೋಗಿತ್ತು. ವೇನ್‌ನ ಗೋಡೆ!

ಆ ಗೆರೆಯಿಂದ ಸ್ಟೇಜೇ ಬದಲಾಯಿತು, ಅದೂ ತಲೆಕೆಳಗಾಗಿ. ನಾಳದ ಕುರುಹು ಸಿಗದಿದ್ದರೆ ಇಂಥ ಉಂಡೆ 'ಟ್ಯೂಮರ್ ಡೆಪಾಸಿಟ್'. ಕ್ಯಾನ್ಸರ್ ಎಷ್ಟು ಹರಡಿದೆ ಅಂತ ಅಳೆಯುವ ಟಿಎನ್‌ಎಂ ಲೆಕ್ಕದಲ್ಲಿ ಅದು ನೋಡ್‌ಗಳ ಗುಂಪಿಗೇ ಸೇರುತ್ತದೆ: ಎನ್1ಸಿ, 3ನೇ ಸ್ಟೇಜ್. ವೇನ್‌ನ ಗೋಡೆ ಕಂಡರೆ ವಿ1, ಅಂದರೆ ವೇನ್ ಒಳಗೆ ಗಡ್ಡೆ. ವಿ ಸ್ಟೇಜಿನ ಲೆಕ್ಕಕ್ಕೆ ಸೇರಲ್ಲ, ಹಾಗಾಗಿ 2ನೇ ಸ್ಟೇಜ್. ಜಾಸ್ತಿ ಹುಡುಕಿದ್ದಕ್ಕೆ ಸ್ಟೇಜ್ ಇಳಿಯಿತು. ನನಗಿದು ಈಗಲೂ ಇರುಸುಮುರುಸು. ಯಾಕೆಂದರೆ ಕರುಳಿನ ರಕ್ತದ ಬಹುಪಾಲು ಪೋರ್ಟಲ್ ವೇನ್ ಹಿಡಿದು ನೇರ ಲಿವರ್‌ಗೆ ಹೋಗುತ್ತದೆ. ಕರುಳಿನ ಗೋಡೆಯಾಚೆಗಿನ ವೇನ್‌ನಲ್ಲಿ ಗಡ್ಡೆ ಇದ್ದವರಲ್ಲಿ ಕಾಯಿಲೆ ಮರಳೋದು, ಲಿವರ್‌ಗೆ ಹರಡೋದು ಜಾಸ್ತಿ. 2ನೇ ಸ್ಟೇಜಿನಲ್ಲೇ ಕೀಮೋ ಬಗ್ಗೆ ಯೋಚಿಸಲು ಇದೂ ಒಂದು ಕಾರಣ.

ಬರೀ ರಿಪೋರ್ಟ್ ಕಳಿಸಿ ಸುಮ್ಮನಿರಲು ಮನಸ್ಸಾಗಲಿಲ್ಲ. ಆಂಕಾಲಜಿಸ್ಟ್‌ಗೆ ಫೋನ್ ಮಾಡಿದೆ. "2ನೇ ಸ್ಟೇಜ್, ನೋಡ್ ನೆಗೆಟಿವ್. ಆದರೆ ವೇನ್‌ನಲ್ಲಿ ಗಡ್ಡೆ ಇದೆ."

"ಕರುಳಿನ ಗೋಡೆಯ ಒಳಗೋ, ಹೊರಗೋ?"

"ಹೊರಗೆ," ಅಂದೆ.