ದಿಮ್ಮಿ ಗೂಡಿನಲ್ಲೇ ಜೇನು ನಿಂತಿತು: ಕೀನ್ಯಾದ ಬರಸೀಮೆಯಲ್ಲಿ ನನ್ನ ಅನುಭವ

ಕೀನ್ಯಾದ ಕಿಟುಯಿ ಸೀಮೆಯ ತೆಂಕಣ ತುದಿ, ಮುಟೋಮೋ ಕಡೆ, ನನ್ನ ದಿಮ್ಮಿ ಗೂಡುಗಳಿಂದ, ಅಂದರೆ ಟೊಳ್ಳು ಮಾಡಿದ ಮರದ ದಿಮ್ಮಿಗಳಿಂದ, ಹೋದ ಸುಗ್ಗಿಯಲ್ಲಿ 300 ಕಿಲೋ ಆಸುಪಾಸು ಜೇನು ಇಳಿಯಿತು. ನೇತು ಹಾಕಿದ್ದು ನಲವತ್ತರಷ್ಟು, ಜೇನು ಕುಟುಂಬ ಕೂತದ್ದು ಮೂವತ್ತರಲ್ಲಿ. ಶಿರಸಿಯ ಗೆಳೆಯರು ಇದನ್ನು ಅಜ್ಜನ ಕಾಲದ ಹುಚ್ಚು ಎಂದಿದ್ದರು. ಇಲ್ಲಿನ ಕಾಂಬಾ ಬುಡಕಟ್ಟಿನ ಹಿರಿಯರೂ ನಕ್ಕಿದ್ದರು. ಅವರ ಕಾರಣ ಬೇರೆ: ಮರದ ತುದಿಯಲ್ಲಿರಬೇಕಾದ ಗೂಡನ್ನು ನಾನು ತಲೆಯೆತ್ತರಕ್ಕೆ ಕಟ್ಟಿದ್ದೆ. ಇಬ್ಬರಿಗೂ ಈಗ ಲೆಕ್ಕ ಒಪ್ಪಿಸುತ್ತಿದ್ದೇನೆ.

ಮೊದಲು ಹಣ ಹೋದ ದಾರಿ. ಚೌಕಟ್ಟು ಎತ್ತಿ ತೆಗೆಯುವ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಗಳಿಗೆ ತಲಾ ಐದಾರು ಸಾವಿರ ಶಿಲ್ಲಿಂಗ್ ತೆತ್ತೆ. ಆಗ ಶಿಲ್ಲಿಂಗಿಗೆ 65–70 ಪೈಸೆ ಇತ್ತು. ಇಪ್ಪತ್ತು ಪೆಟ್ಟಿಗೆ, ಮೇಲೆ ಬಟ್ಟೆ, ಹೊಗೆತಿದಿ, ಜೇನು ತೆಗೆಯುವ ಯಂತ್ರ. ಲಕ್ಷ ರೂಪಾಯಿ ಸಲೀಸಾಗಿ ದಾಟಿತು. ಮಾರಿದವನು ಹಸಿ ಹಲಗೆ ಬಳಸಿದ್ದ, ಮೊದಲ ಬೇಸಿಗೆಗೇ ಮೂಲೆಗಳು ಬಾಯಿಬಿಟ್ಟವು. ಎರಿ (ಮೇಣದ ಹುಟ್ಟು) ಕಟ್ಟಲು ಕೊಡುವ ಮೇಣದ ಹಾಳೆ ಯುರೋಪಿನ ಜೇನಿನ ಅಳತೆಯದು, ಕೋಶ 5.4 ಮಿ.ಮೀ. ಇಲ್ಲಿನ ಸ್ಕುಟೆಲ್ಲಾಟಾ ಎಂಬ ಆಫ್ರಿಕಾ ತಳಿಯ ಜೇನಿಗೆ ಬೇಕಾದದ್ದು 4.8ರ ಸುಮಾರು. ಹುಳುಗಳು ಹಾಳೆಯನ್ನು ಅಲ್ಲಲ್ಲಿ ಕಡಿದು ಸೊಟ್ಟಪಟ್ಟ ಎರಿ ಕಟ್ಟಿದವು, ಚೌಕಟ್ಟು ಎತ್ತಲೇ ಬರುತ್ತಿರಲಿಲ್ಲ. ತಗಡಿನ ಛಾವಣಿಯಡಿ ಸೆಕೆ ಏರಿದ ದಿನ ತುಂಬಿದ ಎರಿಗಳು ಕಳಚಿ ಬಿದ್ದು, ಹುಳುಗಳು ತಮ್ಮದೇ ಜೇನಿನಲ್ಲಿ ಮುಳುಗಿ ಸತ್ತವು.

ಉಳಿದದ್ದನ್ನು ಬರ ತೆಗೆದುಕೊಂಡಿತು. 2020ರ ಕೊನೆಯಿಂದ 2022ರ ಕೊನೆಯವರೆಗೆ ಐದು ಮಳೆಗಾಲ ಸಾಲಾಗಿ ಕೈಕೊಟ್ಟವು. ನಮ್ಮ ತುಡುವೆಯೂ ಗೂಡು ಬಿಟ್ಟು ಹೋಗುತ್ತದೆ, ನಿಜ. ಆದರೆ ಸ್ಕುಟೆಲ್ಲಾಟಾಕ್ಕೆ ವಲಸೆಯೇ ಬದುಕು. ಹೂವು ಮುಗಿಯಿತು ಎಂದರೆ ಸಕ್ಕರೆ ಪಾಕ ಇಟ್ಟರೂ ಇರುವುದಿಲ್ಲ. ಪೆಟ್ಟಿಗೆಗಳಲ್ಲಿ ಈಗ ಕೋಳಿ ಮೊಟ್ಟೆಯಿಡುತ್ತಿವೆ, ಅಷ್ಟಾದರೂ ಬಂತು.

ಚೌಕಟ್ಟಿಲ್ಲದೆ ಮೇಲಿನ ಪಟ್ಟಿಗೇ ಎರಿ ಕಟ್ಟುವ ಕೀನ್ಯಾ ಟಾಪ್ ಬಾರ್ ಪೆಟ್ಟಿಗೆಯನ್ನೂ ನಾಲ್ಕಾರು ಇಟ್ಟೆ. 1970ರ ದಶಕದಲ್ಲಿ ಕೆನಡಾದವರ ನೆರವಿನಿಂದ ಇಲ್ಲೇ ರೂಪಗೊಂಡದ್ದು, ಕೆಟ್ಟದ್ದೇನಲ್ಲ. ಆದರೆ ಪಟ್ಟಿಯ ಅಗಲ 32 ಮಿ.ಮೀ. ಇರಲೇಬೇಕು. ಬಡಗಿ ‘ಗಟ್ಟಿಯಾಗಿರಲಿ’ ಎಂದು 35 ಮಾಡಿಕೊಟ್ಟ, ಎರಿಗಳು ಪಟ್ಟಿಯಿಂದ ಪಟ್ಟಿಗೆ ಅಡ್ಡ ಬೆಳೆದವು.

ಹೀಗೆ ದಿಮ್ಮಿಗೆ ಬಂದೆ. ಕಾಂಬಾ ಜನ ಇದನ್ನು ಮ್ವಾಟು ಎನ್ನುತ್ತಾರೆ. ಒಂದು ಮೀಟರ್ ಉದ್ದ, ಬಾಚಿಯಲ್ಲಿ ಕೆತ್ತಿ ಟೊಳ್ಳು ಮಾಡಿದ್ದು, ಗೋಡೆ ಮೂರು ಬೆರಳು ದಪ್ಪ, ಎರಡೂ ತುದಿಗೆ ಮುಚ್ಚಳ. ನಾನು ಕೊಂಡಾಗ ಒಂದಕ್ಕೆ ಸಾವಿರ, ಸಾವಿರದಿನ್ನೂರು ಶಿಲ್ಲಿಂಗ್ ಇತ್ತು. ಆ ದಪ್ಪ ಗೋಡೆ ಸೆಕೆ ತಡೆಯುತ್ತದೆ, ಹುಳುಗಳ ಅರ್ಧ ದಿನ ನೀರು ಹೊರುವುದರಲ್ಲೇ ಕಳೆದುಹೋಗುವುದಿಲ್ಲ. ನೆರಳಿನ ಕೊಂಬೆಯಿಂದ ತಂತಿಯಲ್ಲಿ ಇಳಿಬಿಟ್ಟೆ, ತಂತಿಗೆ ಇರುವೆ ಹತ್ತದಂತೆ ಗ್ರೀಸು, ಮರದ ಬುಡಕ್ಕೆ ತಗಡು. ನ್ಯೆಗೆರೆ, ಅಂದರೆ ಜೇನು ಕದಿಯುವ ತರಕರಡಿ, ಬಂದು ನೆಗೆದು ನೋಡಿತು; ತೂಗಾಡುವ ದಿಮ್ಮಿಯಲ್ಲಿ ಉಗುರು ನಿಲ್ಲಲಿಲ್ಲ. ಪಕ್ಕದ ಮನೆಯ ಹಿರಿಯರು ಬೆಳಗ್ಗೆ ಹೆಜ್ಜೆ ಗುರುತು ನೋಡಿ, ‘ಮ್ಝೀ ನಾನೋ ನೀನೋ?’ ಎಂದು ಕೇಳಿದರು. ಮ್ಝೀ ಎಂದರೆ ಹಿರಿಯ; ನಾನು ಅವರನ್ನು ಹಾಗೆಂದೇ ಕರೆಯುವುದು.

ಬಾಗಿಲ ರಂಧ್ರ ಮುಂದಿನ ಮುಚ್ಚಳದಲ್ಲಿ ಮಾತ್ರ. ಮರಿಗಳು ಅದರ ಹತ್ತಿರ, ಜೇನು ಹಿಂದೆ. ಕತ್ತಲಾದ ಮೇಲೆ ಕೆಂಪು ಗಾಜಿನ ಟಾರ್ಚು ಹಿಡಿದು ಹಿಂಬದಿ ಮುಚ್ಚಳ ತೆಗೆಯುತ್ತೇನೆ, ಸಗಣಿ ಬೆರಣಿಯ ಹೊಗೆ ಎರಡು ಊದು. ಮೊದಲ ಎರಿ ಬೆಳ್ಳಗೆ ಮುಚ್ಚಿಕೊಂಡು ಭಾರವಾಗಿರುತ್ತದೆ. ಮೇಲೆ ಬೆರಳಷ್ಟು ಬಿಟ್ಟು ಕೊಯ್ಯಬೇಕು. ಒಳಗೆ ಹೋದಂತೆ ಎರಿ ಕಂದಾಗುತ್ತದೆ, ಅಂಚಿನಲ್ಲಿ ಪರಾಗದ ಕೋಶಗಳು ಕಾಣುತ್ತವೆ; ಕತ್ತಿ ಅಲ್ಲಿಗೆ ನಿಲ್ಲಬೇಕು. ಮರಿ ಎರಿಯನ್ನೂ ಬಾಚಿಕೊಂಡರೆ ಕುಟುಂಬ ನಿಲ್ಲುವುದಿಲ್ಲ. ದಿಮ್ಮಿಗೆ ಕೆಟ್ಟ ಹೆಸರು ಬಂದದ್ದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ. ಒಂದಕ್ಕೆ ಎಂಟು–ಹತ್ತು ಕಿಲೋಗಿಂತ ಹೆಚ್ಚು ನಾನು ಕೇಳುವುದಿಲ್ಲ.

ನೀರು ಮರೆಯಬೇಡಿ: ಸೀಳಿದ ಡ್ರಮ್ಮು, ಹುಳು ಕೂರಲು ಮೇಲೆ ಕತ್ತಾಳೆ ನಾರು. ಖಾಲಿ ದಿಮ್ಮಿಗೆ ಹಿಂಡು ಕರೆಯಲು ಹಳೆಯ ಮೇಣ, ಮಜ್ಜಿಗೆ ಹುಲ್ಲು ಉಜ್ಜುವುದು ಎಲ್ಲರಿಗೂ ಗೊತ್ತು. ಮೂರನೆಯದೊಂದಿದೆ, ಅದನ್ನು ಬರೆಯುವುದಿಲ್ಲ. ಬರದಲ್ಲಿ ಹೋದವು ಹೋಗಲಿ, ಮಳೆಗೆ ಮೊದಲು ಮೇಣದ ಹುಳು ಕೆರೆದು ಗೂಡು ಸಿದ್ಧವಿಟ್ಟರೆ ಯಾವುದಾದರೂ ಹಿಂಡು ಬಂದೇ ಬರುತ್ತದೆ.

ಆನೆ ತಡೆಯಲು ಜೇನು ಬೇಲಿಯನ್ನೂ ಮಾಡಿ ನೋಡಿದೆ. ತ್ಸಾವೋ ರಾಷ್ಟ್ರೀಯ ಉದ್ಯಾನದ ಪಕ್ಕದ ಸಾಗಲ್ಲಾದಲ್ಲಿ ಆನೆ ಸಂಶೋಧಕಿ ಲೂಸಿ ಕಿಂಗ್ ಮಾಡಿ ತೋರಿಸಿದ್ದು: ಹತ್ತು ಮೀಟರಿಗೊಂದು ಗೂಡು, ನಡುವೆ ತಂತಿ; ಆನೆ ತಂತಿಗೆ ತಾಗಿದರೆ ಗೂಡು ಅಲುಗಿ ಜೇನು ಏಳುತ್ತದೆ. ಆ ವರ್ಷ ಆನೆ ನನ್ನ ಕಡೆ ಬರಲೇ ಇಲ್ಲ. ತಂತಿ ಎಳೆದದ್ದೆಲ್ಲ ಮೇಕೆಗಳು, ಕಚ್ಚಿಸಿಕೊಂಡದ್ದೂ ಅವೇ. ಬಿಚ್ಚಿಬಿಟ್ಟೆ.

ಕಳೆದ ಸುಗ್ಗಿಯ ಜೇನು ಕಿಲೋಗೆ 500 ಶಿಲ್ಲಿಂಗಿನ ಮೇಲೆ ಹೋಯಿತು. ಎರಿ ಹಿಂಡಿ ಉಳಿದ ಮೇಣಕ್ಕೂ ಒಳ್ಳೆಯ ಬೆಲೆ, ಪೆಟ್ಟಿಗೆಯಲ್ಲಿ ಇಷ್ಟು ಮೇಣ ಸಿಗುವುದಿಲ್ಲ. ದಿಮ್ಮಿಗೆ ಹಾಕಿದ ಹಣ ಆ ಒಂದೇ ಸುಗ್ಗಿಯಲ್ಲಿ ಮರಳಿದೆ. ಮಲೆನಾಡಿನ ಮಳೆಗೆ ಇದನ್ನು ನಾನು ಹೇಳುವುದಿಲ್ಲ, ದಿಮ್ಮಿ ಕುಂಬಾಗುತ್ತದೆ. ಆದರೆ ಕೀನ್ಯಾದ ಬಾರಿಂಗೋ ಸೀಮೆಯಲ್ಲಿ ಬಳ್ಳಾರಿ ಜಾಲಿಯೇ ಕಾಡಾಗಿ ಹಬ್ಬಿದೆ, ಮಥೆಂಗೆ ಎನ್ನುತ್ತಾರೆ, ಅದರ ಹೂವಿಗೆ ಜೇನು ಮುಗಿಬೀಳುತ್ತದೆ. ಬಳ್ಳಾರಿ, ರಾಯಚೂರು ಕಡೆ ಜಾಲಿ ನಡುವೆ ಮೆಲ್ಲಿಫೆರಾ (ಯುರೋಪಿನ ಜೇನು) ಇಟ್ಟವರು ಯಾರಾದರೂ ಇದ್ದರೆ, ಏಪ್ರಿಲ್ ಸೆಕೆಯಲ್ಲಿ ನಿಮ್ಮ ಎರಿ ನಿಲ್ಲುತ್ತದೆಯೇ, ತಿಳಿಸಿ.