ಮಂಗಳೂರಿನ ಸೆಕೆಯಲ್ಲಿ ಪಾಚಿ ಮೇಯುವ ಕಡಲ ಮೀನು

ಫಾಕ್ಸ್‌ಫೇಸ್ ಎಂಬ ಕಡಲ ಮೀನನ್ನು ಕೊಳ್ಳುವಾಗ ನಾನು ಮೊದಲು ನೋಡುವುದು ಹೊಟ್ಟೆ. ಎದುರಿನಿಂದ ನೋಡಿದಾಗ ಅದು ಒಳಗೆ ಸೇದಿಕೊಂಡಿದ್ದರೆ ಮೀನನ್ನು ಅಂಗಡಿಯಲ್ಲೇ ಬಿಡುತ್ತೇನೆ. ಬಂಡೆಯ ಪಾಚಿಯನ್ನು ದಿನವಿಡೀ ಮೇಯುವ ಜಾತಿಯಿದು. ಸಾಗಾಟದಲ್ಲಿ ಉಪವಾಸ ಬಿದ್ದು ಬಂದಿರುತ್ತದೆ. ಹಳದಿ ಮೈಮೇಲೆ ಕಂದು ಮಚ್ಚೆ ಎದ್ದರೆ ಗಾಬರಿ ಬೇಡ, ಹೆದರಿದಾಗಲೂ ರಾತ್ರಿಯೂ ಬಣ್ಣ ಹಾಗೆ ಬದಲಾಗುತ್ತದೆ.

ಟ್ಯಾಂಕ್ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಕಲ್ಲು, ಮರಳು ಕಳೆದರೆ ಸುಮಾರು 480 ಲೀಟರ್ ನೀರು. ಮೀನು 20 ಸೆಂ.ಮೀ. ದಾಟಿ ಬೆಳೆಯುವುದರಿಂದ ಇದಕ್ಕಿಂತ ತೀರಾ ಸಣ್ಣದು ಸಾಲದು. ಪಣಂಬೂರಿನ ಕಡಲು ಹತ್ತಿರವಿದ್ದರೂ ಅಲ್ಲಿಂದ ನೀರು ತರುವುದಿಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿಯ ಸಿಹಿನೀರೂ ಕೆಸರೂ ಸೇರಿ ದಡದ ನೀರಿನ ಉಪ್ಪು ಇಳಿದಿರುತ್ತದೆ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 36 ಗ್ರಾಂ ಕಡಲ ಅಕ್ವೇರಿಯಂನ ಉಪ್ಪು ಹಾಕಿ, ರಾತ್ರಿಯಿಡೀ ಪಂಪ್ ಓಡಿಸಿ, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬಂದ ಮೇಲೆಯೇ ಬಳಸುತ್ತೇನೆ. ಆವಿಯಾಗಿ ಕಡಿಮೆಯಾದದ್ದಕ್ಕೆ ಉಪ್ಪಿಲ್ಲದ ಆರ್‌ಒ ನೀರನ್ನೇ ತುಂಬಬೇಕು. ಉಪ್ಪುನೀರು ತುಂಬಿದರೆ ಉಪ್ಪು ಏರುತ್ತಲೇ ಹೋಗುತ್ತದೆ.

ಮುಖ್ಯ ಆಹಾರ ನೋರಿ ಹಾಳೆ, ಅಂದರೆ ಒಣಗಿಸಿದ ಕಡಲ ಪಾಚಿಯ ಹಾಳೆ. ಎಣ್ಣೆ, ಸೋಯಾ ಸವರಿದ್ದು ಬೇಡವೇ ಬೇಡ. 15 ಸೆಂ.ಮೀ. ಮೀನಿಗೆ ದಿನಕ್ಕೆ ಅರ್ಧ ಹಾಳೆ, ಬೆಳಿಗ್ಗೆ ಕಾಲು, ಮಧ್ಯಾಹ್ನ ಕಾಲು, ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ಅಂಟಿಸುತ್ತೇನೆ. ಹೊಸ ಮೀನಿಗೆ ಕ್ಲಿಪ್ಪಿನಲ್ಲಿರುವುದು ಆಹಾರವೆಂದೇ ತಿಳಿಯುವುದಿಲ್ಲ. ಹಾಳೆಯನ್ನು ಸಣ್ಣ ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಸುತ್ತಿ ತಳದಲ್ಲಿಟ್ಟರೆ ಬಂಡೆಯ ಪಾಚಿಯೆಂದುಕೊಂಡು ಕಚ್ಚಲು ಶುರು ಮಾಡುತ್ತದೆ. ನಾಲ್ಕು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆಯಬೇಕು. ಪಾಲಕ್, ಲೆಟ್ಯೂಸ್ ಎಂದಾದರೊಮ್ಮೆ ಸರಿ, ಆದರೆ ಕಡಲ ಪಾಚಿಯಷ್ಟು ಅಯೋಡಿನ್ ಅವುಗಳಲ್ಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ನೋರಿ ಹಪ್ಪಳದಷ್ಟೇ ಬೇಗ ಮೆತ್ತಗಾಗಿ ನೇರಳೆಗೆ ತಿರುಗುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ.

ಇಷ್ಟು ಮೇವು ಹಾಕಿದರೆ ನೈಟ್ರೇಟ್, ಫಾಸ್ಫೇಟ್ ಏರುವುದು ಖಂಡಿತ. ಮೇವು ಕಡಿಮೆ ಮಾಡುವುದು ಇದಕ್ಕೆ ಮದ್ದಲ್ಲ, ಮೀನು ಸೊರಗುತ್ತದೆ. ನೊರೆಯೆಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ವಾರಕ್ಕೆ 50 ಲೀಟರ್ ನೀರು ಬದಲಾವಣೆ, ಜೊತೆಗೆ ಸಂಪಿನಲ್ಲಿ (ಟ್ಯಾಂಕಿಗೆ ಜೋಡಿಸಿದ, ನೀರು ಶುದ್ಧವಾಗುವ ತೊಟ್ಟಿ) ಅಲ್ವಾ (Ulva) ಎಂಬ ಹಸಿರು ಕಡಲ ಪಾಚಿ: ಈ ಮೂರೂ ಬೇಕು. ಸಂಪಿನ ದೀಪವನ್ನು ರಾತ್ರಿ ಉರಿಸುವುದರಿಂದ ಆ ಹೊತ್ತಿಗೆ ಪಿಎಚ್ ಇಳಿಯುವುದೂ ಕಡಿಮೆಯಾಗುತ್ತದೆ. ಬೆಳೆದ ಅಲ್ವಾವನ್ನು ಕಿತ್ತು ಅದೇ ಮೀನಿಗೆ ಕೊಡುತ್ತೇನೆ. ನೈಟ್ರೇಟ್ 20 ಪಿಪಿಎಂ ಒಳಗಿರಲಿ.

ಏಪ್ರಿಲ್, ಮೇ ಸೆಕೆಗೆ ಫ್ಯಾನ್ ನಂಬಬೇಡಿ. ಫ್ಯಾನ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ಆವಿ ಏಳುವುದೇ ನಿಧಾನ. ಚಿಲ್ಲರ್ ಬೇಕು, 26 ಡಿಗ್ರಿಗೆ ಇಟ್ಟರಾಯಿತು. ಅದರ ಬಿಸಿಗಾಳಿ ಕೋಣೆಯಲ್ಲೇ ಸುತ್ತದಂತೆ ಕಿಟಕಿಯ ಕಡೆಗೆ ತಿರುಗಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಕರೆಂಟ್ ಹೋದ ಕೂಡಲೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಇರಲೇಬೇಕು.

ಹೊಸ ಮೀನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧ ಅಲ್ಲೇ ಹಾಕಬೇಕು, ಮುಖ್ಯ ಟ್ಯಾಂಕಿಗೆ ಹಾಕಿದರೆ ಹವಳ, ಸಿಗಡಿ ಉಳಿಯುವುದಿಲ್ಲ.

ಹಿಡಿಯಲು ಬಲೆ ಬೇಡ, ಮುಳ್ಳು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಗೆ ಓಡಿಸಿಕೊಳ್ಳಿ. ಬೆನ್ನಿನ 13 ಮುಳ್ಳುಗಳಲ್ಲೂ ಹೊಟ್ಟೆಯಡಿಯ ಮುಳ್ಳುಗಳಲ್ಲೂ ವಿಷವಿದೆ. ಚುಚ್ಚಿದರೆ ಚರ್ಮ ಸುಡದಷ್ಟು, ಸುಮಾರು 45 ಡಿಗ್ರಿ ಬಿಸಿ ನೀರಿನಲ್ಲಿ ಕೈಯನ್ನು ಅರ್ಧ ಗಂಟೆಯಾದರೂ ಮುಳುಗಿಸಿಡಬೇಕು. ಬಾವು ಏರುತ್ತಲೇ ಹೋದರೆ, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.