ಮೊದಲ ಕರಡಿನಿಂದ ಅಚ್ಚಾದ ಪುಸ್ತಕದವರೆಗೆ: ಬರಹವನ್ನು ತಿದ್ದುವುದು ಹೇಗೆ?

ಹೊಸ ಲೇಖಕರ ಹಸ್ತಪ್ರತಿಗಳನ್ನು ಓದುವ ಕೆಲಸದಲ್ಲಿರುವವರಿಗೆ ಒಂದು ಸಂಗತಿ ಬೇಗನೆ ಗೊತ್ತಾಗುತ್ತದೆ. ಬಹುಪಾಲು ಬರಹಗಳು ಒಂದೇ ಹಂತದಲ್ಲಿ ಕೆಡುತ್ತವೆ. ಮೊದಲ ಕರಡು ಮುಗಿದ ಕೂಡಲೇ ಕಾಗುಣಿತವನ್ನು ಸರಿಪಡಿಸಿ, ಅಲ್ಲೊಂದು ಇಲ್ಲೊಂದು ಪದವನ್ನು ಬದಲಿಸಿ, ಅಷ್ಟನ್ನೇ ತಿದ್ದುವಿಕೆ ಎಂದು ತಿಳಿದು ಪ್ರಕಾಶಕರಿಗೆ ಕಳುಹಿಸಿಬಿಡುತ್ತಾರೆ. ಒಳ್ಳೆಯ ಕಥಾವಸ್ತು, ಒಳ್ಳೆಯ ಕಿವಿ, ಬರೆಯುವ ಹುಮ್ಮಸ್ಸು ಎಲ್ಲವೂ ಇದ್ದವರು ಕೂಡ ಇಲ್ಲಿ ಎಡವುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಉಳಿದ ಹಂತಗಳಿಗಿಂತ ತಿದ್ದುವಿಕೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಕರಡು

ದಿನದ ಒಂದು ಹೊತ್ತನ್ನು ಗೊತ್ತುಮಾಡಿಕೊಂಡು, ಹಿಂದೆ ಬರೆದದ್ದನ್ನು ತಿದ್ದಲು ಹೋಗದೆ, ಕೊನೆಯವರೆಗೂ ಬರೆದು ಮುಗಿಸಿ. ಈ ಹಂತದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ. ಕೆಲವೇ ವಾರಗಳಲ್ಲಿ ಕಾದಂಬರಿ ಬರೆಸಿಕೊಡುತ್ತೇವೆಂದು ಹಣ ಕೇಳುವ ತರಬೇತಿಗಳಿಂದ ದೂರವಿರಿ. ಅದೇ ಹಣದಲ್ಲಿ ಪುಸ್ತಕಗಳನ್ನು ಕೊಂಡು ಓದುವುದು ಮೇಲು. ಟೈಪ್ ಮಾಡುವವರು ಮೊದಲ ದಿನದಿಂದಲೇ ಯುನಿಕೋಡ್ (ಎಲ್ಲ ಕಂಪ್ಯೂಟರುಗಳಲ್ಲೂ ಅಕ್ಷರಗಳು ಒಂದೇ ರೀತಿ ಗುರುತಾಗುವ ಸಂಕೇತ ವ್ಯವಸ್ಥೆ) ಬಳಸಬೇಕು. ಹಳೆಯ ಸಂಕೇತ ವ್ಯವಸ್ಥೆಯ ಫಾಂಟುಗಳಲ್ಲಿ ಬರೆದದ್ದನ್ನು ಆಮೇಲೆ ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ತಪ್ಪುವುದುಂಟು, ಅವನ್ನು ಹುಡುಕಿ ಸರಿಪಡಿಸುವುದರಲ್ಲಿ ವ್ಯರ್ಥವಾಗಿ ದಿನ ಕಳೆಯುತ್ತದೆ.

ಎರಡನೇ ಕರಡು

ಕರಡು ಮುಗಿದ ಮೇಲೆ ಅದನ್ನು ಕೆಲವು ವಾರ ಮುಟ್ಟಬಾರದು. ಬರೆದ ಬಿಸಿಯಲ್ಲಿ ಓದಿದರೆ ಕಾಗದದ ಮೇಲೆ ಇಲ್ಲದ್ದನ್ನೂ ನಮ್ಮ ಮನಸ್ಸು ತುಂಬಿಕೊಂಡು ಓದುತ್ತದೆ. ಪಾತ್ರದ ಮುಖ ನಮಗೆ ಕಾಣುತ್ತಿರುತ್ತದೆ, ಓದುಗನಿಗೆ ಕಾಣುವಂತೆ ಬರೆದಿದ್ದೇವೆಯೇ ಎಂಬುದು ತಿಳಿಯುವುದಿಲ್ಲ. ಆ ಅವಧಿಯಲ್ಲಿ ಬೇರೇನನ್ನಾದರೂ ಬರೆಯಿರಿ.

ಆಮೇಲೆ ಇಡೀ ಬರಹವನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಪರದೆಯ ಮೇಲೆ ಓದುವಾಗ ಕೈ ತಾನಾಗಿಯೇ ಪದಗಳನ್ನು ಬದಲಿಸಲು ಹೋಗುತ್ತದೆ, ಬರಹದ ಒಟ್ಟು ಆಕಾರ ಕಣ್ಣಿಗೆ ಸಿಗುವುದಿಲ್ಲ. ಮೊದಲ ಸಲ ಪೆನ್ನು ಹಿಡಿಯದೆ, ಸಾಧ್ಯವಾದಷ್ಟು ಕಡಿಮೆ ಸಲ ಎದ್ದು, ಅಪರಿಚಿತರ ಪುಸ್ತಕವೆಂಬಂತೆ ಓದಿ ಮುಗಿಸಿ. ಎಲ್ಲಿ ಗಮನ ಬೇರೆಡೆ ಹೋಯಿತೋ ಆ ಪುಟದ ಮೂಲೆಯನ್ನು ಮಡಚಿದರೆ ಸಾಕು.

ಎರಡನೇ ಓದಿನಲ್ಲಿ ಪಟ್ಟಿಯೊಂದನ್ನು ಮಾಡಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಪ್ರತಿಯೊಂದು ಸನ್ನಿವೇಶದ ಪಕ್ಕದಲ್ಲೂ, ಪ್ರಬಂಧವಾದರೆ ಪ್ರತಿ ಪ್ಯಾರಾದ ಪಕ್ಕದಲ್ಲೂ, ‘ಇಲ್ಲಿ ಏನು ಬದಲಾಯಿತು’ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘ಮಗಳಿಗೆ ಸಾಲದ ವಿಷಯ ಗೊತ್ತಾಯಿತು’ ಎಂಬುದು ಬದಲಾವಣೆ. ‘ಇಬ್ಬರೂ ಹಳೆಯ ದಿನಗಳನ್ನು ನೆನೆದರು’ ಎಂಬುದು ಬದಲಾವಣೆಯಲ್ಲ. ಸಾಲು ಬರೆಯಲು ಸಾಧ್ಯವೇ ಆಗದ ಸನ್ನಿವೇಶವನ್ನು ತೆಗೆದುಹಾಕಬೇಕು, ಅಥವಾ ಅದರಲ್ಲಿರುವ ಒಂದೆರಡು ಅಗತ್ಯ ವಿವರಗಳನ್ನು ಪಕ್ಕದ ಸನ್ನಿವೇಶಕ್ಕೆ ಸೇರಿಸಬೇಕು. ಎರಡು ಸನ್ನಿವೇಶಗಳಿಗೆ ಒಂದೇ ಸಾಲು ಬಂದರೆ ಅವುಗಳಲ್ಲಿ ದುರ್ಬಲವಾದದ್ದು ಹೋಗಬೇಕು. ಈ ಪಟ್ಟಿ ಮಾಡಿದವರಿಗೆ ಸಾಮಾನ್ಯವಾಗಿ ಕಾಣುವ ಮೊದಲ ಸಂಗತಿಯೆಂದರೆ, ತಮ್ಮ ಕಥೆ ನಿಜವಾಗಿ ಮೂರನೆಯ ಅಥವಾ ನಾಲ್ಕನೆಯ ಪುಟದಲ್ಲಿ ಆರಂಭವಾಗುತ್ತದೆ, ಅದಕ್ಕೂ ಹಿಂದಿನ ಪುಟಗಳು ಲೇಖಕರು ತಮಗೇ ವಿಷಯವನ್ನು ಹೇಳಿಕೊಂಡ ಪೀಠಿಕೆಯಾಗಿವೆ. ಮನೆ ಕಟ್ಟುವಾಗ ಹಾಕಿದ ಸಾರುವೆಯನ್ನು ಗೃಹಪ್ರವೇಶಕ್ಕೆ ಮೊದಲು ಬಿಚ್ಚುವಂತೆ ಆ ಪುಟಗಳನ್ನು ಸಂಕೋಚವಿಲ್ಲದೆ ತೆಗೆಯಬಹುದು. ಕಳೆದುಕೊಂಡೆವೆಂಬ ಅಳುಕಿದ್ದರೆ ಬೇರೆ ಕಡತದಲ್ಲಿ ಇಟ್ಟುಕೊಳ್ಳಿ.

ರಚನೆ ಸರಿಹೋಗುವವರೆಗೂ ವಾಕ್ಯಗಳಿಗೆ ಕೈಹಾಕಬಾರದು. ಈ ಕ್ರಮವನ್ನು ಮುರಿದವರು ಒಂದು ಪುಟವನ್ನು ಚೆನ್ನಾಗಿ ನೇಯ್ದು, ಆ ಮೋಹದಿಂದಲೇ ಬೇಡವಾದ ಪುಟವನ್ನು ಉಳಿಸಿಕೊಳ್ಳುತ್ತಾರೆ.

ವಾಕ್ಯದ ಸರದಿ ಬಂದಾಗ ಏನು ಮಾಡಬೇಕೆಂಬುದಕ್ಕೆ ಒಂದು ಉದಾಹರಣೆಯನ್ನು ನೋಡೋಣ. ಮೊದಲ ಕರಡಿನಲ್ಲಿ ಇಂಥ ವಾಕ್ಯವಿದೆ ಎಂದುಕೊಳ್ಳಿ: ‘ಸಂಜೆಯ ಸಮಯದಲ್ಲಿ ಮನೆಗೆ ವಾಪಸು ಬಂದ ನಂತರ ಶಾರದಾಳ ಮನಸ್ಸಿನಲ್ಲಿ ಒಂದು ರೀತಿಯ ವಿಚಿತ್ರವಾದ ಆತಂಕದ ಭಾವನೆ ಉಂಟಾಗಲು ಆರಂಭವಾಯಿತು.’ ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ‘ಸಂಜೆ’ ಎಂದ ಮೇಲೆ ‘ಸಮಯದಲ್ಲಿ’ ಬೇಕಿಲ್ಲ, ‘ಬಂದ’ ಎಂದರೆ ಸಾಕು, ‘ಒಂದು ರೀತಿಯ’ ಎಂಬುದು ಯಾವ ರೀತಿಯೆಂದು ಲೇಖಕರೇ ನಿರ್ಧರಿಸಿಲ್ಲ ಎನ್ನುವುದನ್ನು ಬಯಲುಮಾಡುತ್ತದೆ, ‘ಭಾವನೆ ಉಂಟಾಗಲು ಆರಂಭವಾಯಿತು’ ಎಂಬಲ್ಲಿ ಒಂದು ಕ್ರಿಯೆಯನ್ನು ಮೂರು ಪದಗಳು ಹಂಚಿಕೊಂಡಿವೆ. ಇವನ್ನೆಲ್ಲ ಕಿತ್ತರೆ ‘ಸಂಜೆ ಮನೆಗೆ ಬಂದ ಶಾರದಾಳಿಗೆ ಆತಂಕವಾಯಿತು’ ಎಂದು ಉಳಿಯುತ್ತದೆ. ವಾಕ್ಯ ಚೊಕ್ಕಟವಾಯಿತು, ಆದರೆ ಶಾರದಾ ಇನ್ನೂ ಕಾಣುತ್ತಿಲ್ಲ. ಆತಂಕಗೊಂಡ ಈ ಹೆಂಗಸು ಏನು ಮಾಡುತ್ತಾಳೆ ಎಂದು ಕೇಳಿಕೊಂಡಾಗ ಮೂರನೆಯ ರೂಪ ಸಿಗುತ್ತದೆ: ‘ಸಂಜೆ ಮನೆಗೆ ಬಂದ ಶಾರದಾ ಒಳಗಿನಿಂದ ಚಿಲಕ ಹಾಕಿದಳು, ಎರಡು ಹೆಜ್ಜೆ ನಡೆದವಳು ತಿರುಗಿ ಬಂದು ಅದನ್ನು ಮತ್ತೆ ಎಳೆದು ನೋಡಿದಳು.’ ಈಗ ಆತಂಕ ಎಂಬ ಪದವೇ ಬೇಕಿಲ್ಲ. ಹಾಗೆಂದು ಎಲ್ಲ ವಾಕ್ಯಗಳನ್ನೂ ಹೀಗೆ ಚಿತ್ರವಾಗಿಸಬಾರದು. ಕಥೆಗೆ ಮುಖ್ಯವಲ್ಲದ ಕಡೆ ಎರಡನೆಯ ರೂಪವೇ ಸರಿಯಾದದ್ದು, ಅಲ್ಲಿ ಓದುಗನನ್ನು ತಡೆದು ನಿಲ್ಲಿಸುವುದು ತಪ್ಪು.

ಬಳಿಕ ಇಡೀ ಬರಹವನ್ನು ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲೇ ಓದಿದರೆ ಪ್ರಯೋಜನವಿಲ್ಲ. ಉಸಿರು ಸಿಕ್ಕಿಹಾಕಿಕೊಳ್ಳುವ ವಾಕ್ಯ, ಒಂದರ ಹಿಂದೊಂದು ಒಂದೇ ಕ್ರಿಯಾಪದದಲ್ಲಿ ಮುಗಿಯುವ ಸಾಲುಗಳು, ಯಾರೂ ಬಾಯಿಬಿಟ್ಟು ಆಡದಂಥ ಸಂಭಾಷಣೆ, ಇವೆಲ್ಲ ಕಿವಿಗೆ ತಟ್ಟನೆ ಸಿಕ್ಕಿಬೀಳುತ್ತವೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ‘ಇತ್ತು, ಇತ್ತು, ಇತ್ತು’ ಎಂಬ ಏಕತಾನ ಕಣ್ಣಿಗಿಂತ ಮೊದಲು ಕಿವಿಯನ್ನು ಚುಚ್ಚುತ್ತದೆ. ಕಾಗುಣಿತ ಮತ್ತು ವಿರಾಮಚಿಹ್ನೆಗಳನ್ನು ಎಲ್ಲಕ್ಕಿಂತ ಕೊನೆಯಲ್ಲಿ ನೋಡಿ. ತಪ್ಪು ಹುಡುಕುವ ತಂತ್ರಾಂಶಗಳನ್ನು ಪೂರ್ತಿ ನಂಬಬೇಡಿ. ಸಂಧಿಯಾದ, ಪ್ರತ್ಯಯ ಸೇರಿದ ಸರಿಯಾದ ಪದಗಳನ್ನೂ ಅವು ತಪ್ಪೆಂದು ಗುರುತಿಸುತ್ತವೆ. ಇಡೀ ಪ್ಯಾರಾವನ್ನು ತಾನೇ ‘ಉತ್ತಮಗೊಳಿಸುವ’ ಯಾಂತ್ರಿಕ ಸಾಧನಗಳಂತೂ ಯಾರು ಬರೆದರೂ ಒಂದೇ ದನಿ ಬರುವಂತೆ ಮಾಡುತ್ತವೆ. ಬರವಣಿಗೆ ಕಲಿಯಬೇಕೆಂದಿರುವವರು ಅವನ್ನು ಬಳಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊರಗಿನ ಓದುಗರು

ಇಬ್ಬರು ಮೂವರಿಗೆ ಓದಲು ಕೊಡಿ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಎಲ್ಲಿ ಓದು ನಿಲ್ಲಿಸಿದಿರಿ, ಎಲ್ಲಿ ಹಿಂದಿನ ಪುಟ ತಿರುವಿದಿರಿ, ಯಾವ ಪಾತ್ರದ ಹೆಸರು ನೆನಪಿಗೆ ಬರುತ್ತಿಲ್ಲ ಎಂದು ಕೇಳಿ. ತೊಂದರೆ ಎಲ್ಲಿದೆ ಎಂಬುದರಲ್ಲಿ ಓದುಗರ ಮಾತು ಸಾಮಾನ್ಯವಾಗಿ ನಿಜವಿರುತ್ತದೆ. ಪರಿಹಾರವೇನು ಎಂಬುದನ್ನು ನೀವೇ ಕಂಡುಕೊಳ್ಳಬೇಕು.

ಪ್ರಕಟಣೆ ಮತ್ತು ಒಪ್ಪಂದ

ಮೊದಲು ಬಿಡಿ ಬರಹಗಳನ್ನು ಪತ್ರಿಕೆಗಳಿಗೆ ಕಳುಹಿಸಿ. ಪತ್ರಿಕೆಯ ಕೆಲವು ಸಂಚಿಕೆಗಳನ್ನು ಓದಿ, ಪದಮಿತಿಯನ್ನು ಪಾಲಿಸಿ, ನಾಲ್ಕೇ ಸಾಲಿನ ಪತ್ರ ಜೊತೆಗಿಡಿ. ಯಾವುದನ್ನು ಎಲ್ಲಿಗೆ, ಯಾವಾಗ ಕಳುಹಿಸಿದಿರಿ ಎಂದು ಬರೆದಿಟ್ಟುಕೊಳ್ಳಿ. ತಿರಸ್ಕೃತವಾದರೆ ಕಾರಣ ಕೇಳಿ ಪತ್ರ ಬರೆಯಬೇಡಿ. ಪುಸ್ತಕಗಳ ಆದಾಯವನ್ನೇ ನೆಚ್ಚಿಕೊಂಡು ಬೇಗನೆ ಉದ್ಯೋಗ ಬಿಡುವುದೂ ಬೇಡ. ಬಾಡಿಗೆಯ ಚಿಂತೆ ಹೊತ್ತವರಲ್ಲಿ ಎರಡನೆಯ ಕರಡಿಗೆ ಬೇಕಾದ ತಾಳ್ಮೆ ಉಳಿಯುವುದಿಲ್ಲ.

ಪ್ರಕಾಶಕರು ಒಪ್ಪಿದಾಗ ಸಂತೋಷದ ಭರದಲ್ಲಿ ಸಹಿ ಹಾಕುವುದು ಎರಡನೆಯ ದೊಡ್ಡ ತಪ್ಪು. ಲೇಖಕರ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದವನ್ನು ಒಪ್ಪಿಕೊಂಡ ದೇಶಗಳಲ್ಲಿ, ಕೃತಿ ರಚನೆಯಾದ ಕೂಡಲೇ ಹಕ್ಕುಸ್ವಾಮ್ಯ ಲೇಖಕರದಾಗುತ್ತದೆ, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಸಾಮಾನ್ಯವಾಗಿ ಲೇಖಕರ ಜೀವಿತಾವಧಿ ಹಾಗೂ ಆನಂತರ ಕನಿಷ್ಠ 50 ವರ್ಷ ಆ ರಕ್ಷಣೆ ಇರುತ್ತದೆ. ಇಷ್ಟು ದೀರ್ಘಕಾಲದ ಆಸ್ತಿಯನ್ನು ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ’ ಎಂಬ ಒಂದೇ ಸಾಲಿನಲ್ಲಿ ಬರೆದುಕೊಡಬಾರದು. ಮುದ್ರಣ, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಇವುಗಳಲ್ಲಿ ಯಾವುದನ್ನು, ಎಷ್ಟು ಕಾಲಕ್ಕೆ ಕೊಡುತ್ತಿದ್ದೀರಿ, ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಹಕ್ಕು ಯಾವಾಗ ಹಿಂದಿರುಗುತ್ತದೆ ಎಂಬುದು ಒಪ್ಪಂದದಲ್ಲಿರಲೇಬೇಕು. ರಾಯಲ್ಟಿಯ (ಮಾರಾಟದಲ್ಲಿ ಲೇಖಕರಿಗೆ ಸಲ್ಲುವ ಪಾಲಿನ) ಶೇಕಡಾವಾರು ಮಾತ್ರ ನೋಡಿದರೆ ಸಾಲದು, ಅದು ಯಾವುದರ ಮೇಲೆ ಎಂಬುದನ್ನೂ ನೋಡಿ. ಮಾರಾಟಗಾರರಿಗೆ ಶೇ 40 ರಿಯಾಯಿತಿ ಹೋಗುವುದಾದರೆ, ನಿವ್ವಳ ಆದಾಯದ ಮೇಲಿನ ಶೇ 10 ಎಂದರೆ ಮುಖಬೆಲೆಯ ಮೇಲೆ ಶೇ 6 ಮಾತ್ರ.

ಪ್ರಕಟಣೆಗಾಗಿ ಲೇಖಕರಿಂದಲೇ ಹಣ ಪಡೆದು, ಜೊತೆಗೆ ಹಕ್ಕನ್ನೂ ಕೇಳುವ, ಪ್ರಶಸ್ತಿಯ ಆಮಿಷ ಒಡ್ಡುವ ಸಂಸ್ಥೆಗಳಿಗೆ ಹಸ್ತಪ್ರತಿ ಕೊಡಬೇಡಿ. ಸ್ವಂತ ಖರ್ಚಿನಲ್ಲಿ ಪ್ರಕಟಿಸುವುದು ಗೌರವದ ಮಾರ್ಗವೇ, ಆದರೆ ಆಗ ಹಕ್ಕು, ಲೆಕ್ಕ, ಉಳಿದ ಪ್ರತಿಗಳು ಎಲ್ಲವೂ ನಿಮ್ಮಲ್ಲೇ ಇರಬೇಕು. ಐಎಸ್‌ಬಿಎನ್ ಪಡೆದರೆ ಹಕ್ಕುಸ್ವಾಮ್ಯ ಸಿಕ್ಕಿತೆಂದು ತಿಳಿದವರಿದ್ದಾರೆ. 2007ರಿಂದ 13 ಅಂಕಿಗಳಲ್ಲಿರುವ ಆ ಸಂಖ್ಯೆ ಪುಸ್ತಕದ ಗುರುತಿಗಷ್ಟೇ ಇದೆ, ಸಾದಾ ಹೊದಿಕೆಯ ಪ್ರತಿಗೂ ಗಟ್ಟಿ ರಟ್ಟಿನ ಪ್ರತಿಗೂ ಬೇರೆ ಬೇರೆ ಸಂಖ್ಯೆ ಬೇಕಾಗುತ್ತದೆ.

ಕೊನೆಯದಾಗಿ ಪ್ರೂಫ್ (ಅಚ್ಚಿಗೆ ಮೊದಲು ತಪ್ಪು ನೋಡಲು ಕೊಡುವ ಪ್ರತಿ) ಬರುತ್ತದೆ. ಅಲ್ಲಿ ಹೊಸ ಪ್ಯಾರಾ ಸೇರಿಸುವ ಆಸೆಯನ್ನು ಬಿಡಿ. ಪುಟಗಳನ್ನು ಸಾಮಾನ್ಯವಾಗಿ 8 ಅಥವಾ 16ರ ಫಾರಂಗಳಲ್ಲಿ (ಒಂದೇ ಹಾಳೆಯಲ್ಲಿ ಒಟ್ಟಿಗೆ ಮುದ್ರಿಸಿ ಮಡಚುವ ಪುಟಗಳ ಕಂತೆಗಳಲ್ಲಿ) ಅಚ್ಚು ಮಾಡುವುದರಿಂದ ಒಂದೇ ಪುಟ ಹೆಚ್ಚಾದರೂ ಇಡೀ ಲೆಕ್ಕ ಬದಲಾಗುತ್ತದೆ. ಶೀರ್ಷಿಕೆ ಪುಟ, ಬೆನ್ನಿನ ಮೇಲಿನ ಹೆಸರು, ಅಧ್ಯಾಯಗಳ ಪುಟಸಂಖ್ಯೆ, ಹಿಂಬದಿಯ ಪರಿಚಯ, ಇವನ್ನು ಒಬ್ಬೊಬ್ಬರಾಗಿ ಇಬ್ಬರು ಓದಬೇಕು. ಒಳಪುಟಗಳನ್ನು ಹತ್ತು ಸಲ ನೋಡಿದವರು ದಪ್ಪಕ್ಷರದ ತಲೆಬರಹದಲ್ಲಿನ ತಪ್ಪನ್ನು ದಾಟಿಹೋಗುವುದು ಬಹಳ ಸಾಮಾನ್ಯ.